ಪುರು ದೊಡ್ಡವನಾದನೋ, ಬರೀ ಮುದುಕನಾದನೋ?

ಗಿರೀಶ ಕಾರ್ನಾಡರ ‘ಯಯಾತಿ’ ಓದಿದಾಗ ಪುರು ಇಷ್ಟವಾದ, ನಾಟಕ ನೋಡಿ ಬಂದ ಮೇಲೆ ಅವನ ಮೇಲೆ ಸಿಟ್ಟು ಬಂತು, ಪ್ರಬಂಧದಲ್ಲಿ ಯಾವುದನ್ನು ಬರೆಯಲಿ ಅಂತ ಕೇಳಿದ್ದೀರಿ. ಹರೆಯದ ಹುಡುಗರು ದೊಡ್ಡವರಾಗುವ ಕತೆಗಳಿಗೆ ನಿಮ್ಮ ಪ್ರತಿಕ್ರಿಯೆ ಬರೆಯಿರಿ, ಆದರೆ ನಿಲುವು ಒಂದೇ ಇರಲಿ ಅಂತ ನಿಮ್ಮ ಮೇಷ್ಟ್ರು ಹೇಳಿದ್ದಾರೆ. ನನಗೂ ಬಿ.ಎ.ನಲ್ಲಿ ಇದೇ ನಾಟಕ, ಇದೇ ಥರದ ಪ್ರಬಂಧ. ಒಂದೇ ವ್ಯತ್ಯಾಸ, ನನಗೆ ಓದುವಾಗಲೇ ಸಿಟ್ಟು ಬಂದಿತ್ತು.

ಅದಕ್ಕೆ ಕಾರಣ ನಮ್ಮಣ್ಣ. ಅಪ್ಪನಿಗೆ ಆರೋಗ್ಯ ಕೆಟ್ಟಿತ್ತು, ಅಂಗಡಿ ಮೇಲೆ ಸಾಲ ಇತ್ತು. ಅಣ್ಣ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬಂದು ಗಲ್ಲಾದ ಮೇಲೆ ಕೂತ. ಯಾರೂ ಬಾ ಅಂತ ಕರೆದಿರಲಿಲ್ಲ, ತಾನಾಗೇ ಬಂದ. ‘ಮಗ ಅಂದ್ರೆ ಹಿಂಗಿರಬೇಕು’ ಅಂತ ಊರೆಲ್ಲ ಹೊಗಳಿತು. ಒಂದೆರಡು ತಿಂಗಳಲ್ಲೇ ಅವನು ಅಪ್ಪನ ಹಾಗೆ ಕಿವಿ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳಲು ಶುರು ಮಾಡಿದ. ಲೆಕ್ಕ ಕೂಡುವಾಗ ಅಪ್ಪನ ಹಾಗೇ ತುಟಿ ಅಲ್ಲಾಡಿಸುತ್ತಿದ್ದ. ರಾತ್ರಿ ನಾನು ಓದುತ್ತಾ ಕೂತರೆ ‘ಲೈಟ್ ಆರಿಸು, ಕರೆಂಟ್ ಬಿಲ್ ಯಾರು ಕಟ್ತಾರೆ’ ಅನ್ನುತ್ತಿದ್ದ. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ.

ಆ ವರ್ಷವೇ ‘ಯಯಾತಿ’ ಓದಿದ್ದು. ಕತೆ ನಿಮಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶುಕ್ರಾಚಾರ್ಯರ ಶಾಪದಿಂದ ಯಯಾತಿಗೆ ಮುಪ್ಪು ಬರುತ್ತದೆ. ಅದನ್ನು ಬೇರೆ ಯಾರಾದರೂ ತಗೊಂಡರೆ ಅವನು ಪಾರಾಗುತ್ತಾನೆ. ಯಾರೂ ಒಪ್ಪುವುದಿಲ್ಲ. ಮಗ ಪುರು ತಗೊಳ್ಳುತ್ತಾನೆ. ಮಹಾಭಾರತದಲ್ಲಿ ಇದು ಸಲೀಸಾಗಿ ಮುಗಿದುಹೋಗುತ್ತದೆ. ಸಾವಿರ ವರ್ಷ ಸುಖಪಟ್ಟು ಅಪ್ಪ ಯೌವನ ವಾಪಸ್ ಕೊಡುತ್ತಾನೆ, ಮಗನಿಗೆ ರಾಜ್ಯ ಸಿಗುತ್ತದೆ. ಗಿರೀಶ ಕಾರ್ನಾಡರು ಅದಕ್ಕೆ ಒಬ್ಬ ಹುಡುಗಿಯನ್ನು ತಂದು ಸೇರಿಸಿದರು. ಪುರುವಿನ ಹೊಸ ಹೆಂಡತಿ ಚಿತ್ರಲೇಖೆ. ಅಲ್ಲಿಗೆ ಎಲ್ಲ ಕೆಡುತ್ತದೆ.

ಲೈಬ್ರರಿ ಪುಸ್ತಕದ ಅಂಚಿನಲ್ಲಿ, ಪುರು ಮುಪ್ಪು ತಗೊಳ್ಳುವ ಕಡೆ, ಪೆನ್ಸಿಲ್ಲಿನಲ್ಲಿ ‘ಪೆದ್ದ’ ಅಂತ ಬರೆದೆ. ಈಗ ಯೋಚಿಸಿದರೆ ಆ ಪ್ರಬಂಧಕ್ಕಾಗಿ ನಾನು ಬರೆದ ಒಳ್ಳೆಯ ವಾಕ್ಯ ಅದೊಂದೇ. ಅದನ್ನು ರಬ್ಬರ್ ಹಾಕಿ ಅಳಿಸಿದೆ. ಪುಸ್ತಕ ವಾಪಸ್ ಕೊಡಬೇಕಿತ್ತಲ್ಲ.

ಮುಂದೆ ಮಾಡಿದ್ದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಗೈಡಿನಲ್ಲಿ ‘ತ್ಯಾಗ’, ‘ಪಿತೃಭಕ್ತಿ’, ‘ತಲೆಮಾರುಗಳ ಸಂಘರ್ಷ’ ಅಂತ ಇತ್ತು. ಪ್ರಬಂಧ ಅಂದರೆ ಹೀಗಿರಬೇಕು ಅಂದುಕೊಂಡು ಅದನ್ನೇ ಇಟ್ಟುಕೊಂಡು ಮುಕ್ಕಾಲು ಭಾಗ ಬರೆದು ಮುಗಿಸಿದೆ. ಕೊನೆಯಲ್ಲಿ ‘ರಂಗಪ್ರಯೋಗ’ ಅಂತ ತಲೆಬರಹ ಹಾಕಿ ಅರ್ಧ ಪುಟ ಖಾಲಿ ಬಿಟ್ಟೆ. ನಾಟಕ ನೋಡುವ ಮೊದಲೇ! ಆ ವಾರ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಒಂದು ಹವ್ಯಾಸಿ ತಂಡದ ‘ಯಯಾತಿ’ ಇತ್ತು. ಅರ್ಧ ಪುಟ ತುಂಬಿಸಲು ಹೋದೆ ಅಷ್ಟೇ. ಹೋಗಿದ್ದು ಹೇಗೆ ಅಂದರೆ, ತೊಡೆ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು, ಪುಸ್ತಕದ ಪಕ್ಕ ಮೊಬೈಲಿನ ಮಂದ ಬೆಳಕು. ನಟರು ಯಾವ ಮಾತು ಬಿಟ್ಟರು, ಯಾವುದನ್ನು ಹಿಂದೆ ಮುಂದೆ ಮಾಡಿದರು ಅಂತ ಸಾಲು ಸಾಲಿಗೆ ಟಿಕ್ ಹಾಕುತ್ತಾ ಕೂತೆ. ಹಿಂದಿನ ಸೀಟಿನ ಹೆಂಗಸು ‘ಬೆಳಕು ಆರಿಸಮ್ಮ, ಕಣ್ಣಿಗೆ ಹೊಡೀತಿದೆ’ ಅಂದರು. ನಾನು ಮೊಬೈಲಿನ ಮೇಲೆ ದುಪಟ್ಟಾ ಮುಚ್ಚಿಕೊಂಡು ಟಿಕ್ ಮುಂದುವರಿಸಿದೆ. ನನ್ನನ್ನು ನಾನು ಭಾರಿ ಶಿಸ್ತಿನ ವಿದ್ಯಾರ್ಥಿನಿ ಅಂದುಕೊಂಡಿದ್ದೆ.

ಮುಪ್ಪು ಹೊತ್ತ ಪುರು ಚಿತ್ರಲೇಖೆಯ ಕೋಣೆಗೆ ಬರುವ ದೃಶ್ಯ ಬಂತು. ಅವಳು ಧೈರ್ಯ ಮಾಡಿಕೊಂಡಿದ್ದಾಳೆ, ಗಂಡನ ದೊಡ್ಡತನ ತನಗೆ ಅರ್ಥವಾಗಿದೆ ಅಂದುಕೊಂಡಿದ್ದಾಳೆ. ನಾನು ತಲೆ ಬಗ್ಗಿಸಿ, ಒಂದು ಸಾಲು ತಪ್ಪಿಹೋಗಿದೆ ಅಂತ ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಇಡೀ ಮಂದಿರ ಗಪ್‌ಚಿಪ್. ಆಮೇಲೆ ಒಂದು ಕಿರುಚು. ತಲೆ ಎತ್ತಿದಾಗ ಕಂಡಿದ್ದು ಪುರುವಿನ ಬೆನ್ನು ಮಾತ್ರ, ಅವನು ಹೊರಗೆ ಹೋಗುತ್ತಿದ್ದ. ಪಕ್ಕದಲ್ಲಿ ನನ್ನ ಗೆಳತಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಬಸ್ಸಿನಲ್ಲಿ ಊರು ಬರುವವರೆಗೂ ಅವಳಿಗೆ ಒಂದೇ ಮಾತು: ‘ದೀಪ ಎತ್ತಿದಾಗ ಅವಳ ಮುಖ ನೋಡಿದ್ಯಾ?’ ನಾನು ಹ್ಞೂಂ ಅಂದೆ. ಬೇರೇನು ಹೇಳಲಿ? ಮನೆಗೆ ಬಂದು ಖಾಲಿ ಅರ್ಧ ಪುಟದಲ್ಲಿ ‘ದೀಪದ ಬೆಳಕಿನಲ್ಲಿ ಚಿತ್ರಲೇಖೆಯ ಮುಖದಲ್ಲಿ ಮೂಡಿದ ಭಯವು ಪ್ರೇಕ್ಷಕರ ಮನ ಕಲಕಿತು’ ಅಂತ ಬರೆದೆ. ಒಳ್ಳೆ ಅಂಕ ಬಂತು. ನಿಜವಾದ ಅನಾಹುತ ಅಂದರೆ ಆ ಅಂಕಗಳೇ. ಈ ದಾರಿಯೇ ಸರಿ ಅನ್ನಿಸಿಬಿಟ್ಟಿತು.

ಡಿಗ್ರಿ ಮುಗಿದ ಮೇಲೆ ಒಂದು ನಾಟಕ ಶಾಲೆಗೆ ಅರ್ಜಿ ಹಾಕಿದೆ. ಜೊತೆಗೆ ಏನಾದರೂ ಬರವಣಿಗೆ ಕಳಿಸಬೇಕಿತ್ತು, ಇದೇ ಪ್ರಬಂಧ ಕಳಿಸಿದೆ. ಸಂದರ್ಶನದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ಓದಿದ್ದರು. ಪಿತೃಭಕ್ತಿ, ಸಂಘರ್ಷ ಯಾವುದನ್ನೂ ಕೇಳಲಿಲ್ಲ. ‘ದೀಪ ಯಾವ ಕೈಲಿತ್ತಮ್ಮ?’ ಅಂದರು. ನಾನು ‘ಬಲಗೈಲಿ ಸರ್’ ಅಂದೆ. ‘ಯಾರ ಬಲಗೈಲಿ?’ ‘ಚಿತ್ರಲೇಖೆಯ.’ ಅವರು ನಕ್ಕರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ‘ಆ ಪ್ರಯೋಗ ನಾನೂ ನೋಡಿದ್ದೆ. ದೀಪ ದಾಸಿ ಹಿಡಿದಿದ್ದಳು. ಚಿತ್ರಲೇಖೆ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದಳು. ಮುಟ್ಟಬೇಕಾಗುತ್ತೆ ಅಂತ.’

ನನಗೆ ಸೀಟು ಸಿಗಲಿಲ್ಲ. ಬೇರೆ ಕಾರಣವೂ ಇದ್ದಿರಬಹುದು, ಆದರೆ ನನಗೆ ಇದೇ ಕಾರಣ. ಕೈ ಹಿಂದೆ ಕಟ್ಟಿಕೊಂಡ ಆ ಹುಡುಗಿಯನ್ನು ನಾನು ನೋಡಲೇ ಇಲ್ಲವಲ್ಲ ಅನ್ನುವ ಹೊಟ್ಟೆಯುರಿ ಸೀಟು ಹೋದದ್ದಕ್ಕಿಂತ ಜಾಸ್ತಿ. ನೋಡಿದ್ದರೆ ಏನಾಗುತ್ತಿತ್ತು? ಓದುವಾಗ ಬಂದ ‘ಪೆದ್ದ’ ಅನ್ನುವ ಸಿಟ್ಟು ಪುರುವನ್ನು ದಾಟಿ ಬೇರೆ ಕಡೆ ಹೋಗುತ್ತಿತ್ತೋ ಏನೋ. ಪುಟದ ಮೇಲೆ ನಾನು ಒಬ್ಬನನ್ನೇ ಹಿಂಬಾಲಿಸುತ್ತೇನೆ. ಪುರು ಮಾತಾಡುವಾಗ ಚಿತ್ರಲೇಖೆ ಆ ಪುಟದಲ್ಲೇ ಇಲ್ಲ. ರಂಗದ ಮೇಲೆ ಸುಮ್ಮನಿರುವವರೂ ನಿಂತಿರುತ್ತಾರೆ, ಅವರಿಗೂ ಕೈಗಳಿರುತ್ತವೆ. ನಿಮಗೆ ಎರಡು ಸಲ ಎರಡು ಥರ ಅನಿಸಿದ್ದಕ್ಕೆ ಇಷ್ಟೇ ಕಾರಣ. ನಿಮಗೇನೂ ಗೊಂದಲವಾಗಿಲ್ಲ. ನೀವು ಎರಡು ಬೇರೆ ವಿಷಯ ನೋಡಿದ್ದೀರಿ.

ಹಾಗಾಗಿ ‘ಯಾವುದು ಸರಿಯಾದ ಪ್ರತಿಕ್ರಿಯೆ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾರ್ನಾಡರು ಇದನ್ನು ಬರೆದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು, ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟಿದ್ದರು. ಹುಡುಗ ಅಲ್ಲೇ ಉಳಿದುಬಿಟ್ಟರೆ, ಅಲ್ಲೇ ಮದುವೆಯಾದರೆ ಅಂತ ಮನೆಯಲ್ಲಿ ಆತಂಕ. ಆ ಹೊತ್ತಿನಲ್ಲಿ ಬರೆದ ನಾಟಕ ಇದು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ತನ್ನ ಭವಿಷ್ಯವನ್ನು ಹಿರಿಯರು ಬಲಿ ಕೇಳುತ್ತಿದ್ದಾರೆ ಅನ್ನುವ ತನ್ನದೇ ಸಿಟ್ಟು ಈ ಪುರಾಣದ ಕತೆಯೊಳಗೆ ಹೊಕ್ಕಿದೆ ಅಂತ ಅವರಿಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ಅವರೇ ಹೇಳಿಕೊಂಡಿದ್ದಾರೆ. ಬರೆದವರಿಗೇ ಅಷ್ಟು ಕಾಲ ಬೇಕಾಯಿತು, ನಿಮಗೆ ಸೋಮವಾರದೊಳಗೆ ನಿಲುವು ಬೇಕಂತೆ.

ಇನ್ನೊಂದು ಮಾತಿಗೂ ನನ್ನ ತಕರಾರಿದೆ. ‘ಪುರು ತ್ಯಾಗದ ಮೂಲಕ ಪ್ರೌಢನಾಗುತ್ತಾನೆ’ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಬರೆದಿದ್ದೀರಿ. ಎಲ್ಲಿ ಆಗುತ್ತಾನೆ? ಅವನು ಬೆಳೆಯುವುದೇ ಇಲ್ಲ, ಮುದುಕನಾಗುತ್ತಾನೆ ಅಷ್ಟೇ. ನಡುವಿನ ವರ್ಷಗಳನ್ನು ಪೂರ್ತಿ ಹಾರಿಸಿಬಿಡುತ್ತಾನೆ. ದೊಡ್ಡ ವಂಶದಲ್ಲಿ ಹುಟ್ಟಿ, ಅಪ್ಪನ ಎದುರು ತಾನು ಏನೂ ಅಲ್ಲ ಅಂತ ಕುಗ್ಗಿದ ಹುಡುಗನಿಗೆ ದೊಡ್ಡವನಾಗಲು ಅದೊಂದು ಅಡ್ಡದಾರಿ. ಇಡೀ ನಾಟಕದಲ್ಲಿ ನಿಜವಾಗಿ ಬೆಳೆಯುವವಳು ಚಿತ್ರಲೇಖೆ, ಅದೂ ಒಂದೇ ರಾತ್ರಿಯಲ್ಲಿ. ಗಂಡನ ಯೌವನ ನಿಮ್ಮ ಹತ್ತಿರ ಇದೆ, ಹಾಗಾದರೆ ನಾನೂ ನಿಮ್ಮವಳೇ ತಾನೇ ಅಂತ ಅವಳು ಮಾವನಿಗೇ ಸವಾಲು ಹಾಕುತ್ತಾಳೆ. ಆ ಪ್ರಶ್ನೆಗೆ ಯಯಾತಿಯ ಹತ್ತಿರ ಉತ್ತರ ಇಲ್ಲ. ಅವಳು ವಿಷ ಕುಡಿಯುತ್ತಾಳೆ. ಆಮೇಲಷ್ಟೇ ಅಪ್ಪ ಮುಪ್ಪನ್ನು ವಾಪಸ್ ತಗೊಳ್ಳುವುದು. ಅವಳ ಹೆಸರು ಗೈಡಿನಲ್ಲಿ ‘ಇತರ ಪಾತ್ರಗಳು’ ಅನ್ನುವುದರ ಕೆಳಗೆ ಇತ್ತು, ಗೊತ್ತಾ?

ಎಷ್ಟೋ ವರ್ಷದ ಮೇಲೆ ಬೇರೆ ತಂಡದ ‘ಯಯಾತಿ’ ನೋಡಿದೆ. ಪುಸ್ತಕ ಒಯ್ಯಲಿಲ್ಲ. ಅಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿತ್ತು. ಅತ್ತಿಗೆ ಒಂದು ದಿನ ಪಾತ್ರೆ ತೊಳೆಯುತ್ತಾ ‘ನಾನು ಮದ್ವೆ ಆಗಿದ್ದು ನಿಮ್ಮಣ್ಣನ್ನೋ, ನಿಮ್ಮಪ್ಪನ ಅಂಗಡೀನೋ ಗೊತ್ತಾಗಲ್ಲ ಕಣೇ’ ಅಂದಿದ್ದರು. ತಮಾಷೆಗೇ ಅಂದಿದ್ದು. ನಾನೂ ನಕ್ಕಿದ್ದೆ. ಈ ಸಲ ನಾಟಕದಲ್ಲಿ ಚಿತ್ರಲೇಖೆ ಮಾವನಿಗೆ ಸವಾಲು ಹಾಕಿದಾಗ ಹಿಂದೆ ಯಾರೋ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು, ಸೊಸೆ ಮಾವನ ಹತ್ತಿರ ಹೀಗೆ ಕೇಳುವುದಾ ಅಂತ. ನಟಿ ಮುಂದಿನ ಮಾತು ಆಡದೆ ಅವರ ನಗು ನಿಲ್ಲುವವರೆಗೂ ಕಾದಳು. ನಗು ನಿಂತಿತು. ಆಗ ನಾನು ನೋಡಿದ್ದು ಅವಳನ್ನಲ್ಲ, ಪುರುವನ್ನೂ ಅಲ್ಲ. ಯಯಾತಿಯನ್ನು. ಮಗನ ವಯಸ್ಸು ಹೊತ್ತುಕೊಂಡು ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ನಿಂತಿದ್ದ. ನನಗೆ ಅಪ್ಪನ ಮೇಲೆ ಅಲ್ಲಿಯವರೆಗೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ. ಅವತ್ತು ಬಂತು. ಮರುದಿನ ಇಳಿಯಿತು, ಅದು ಬೇರೆ ಮಾತು.

ಈಗ ಹೇಳಿ, ಓದುವಾಗ ಪುರುವಿನ ಮೇಲೆ ಬಂದ ಸಿಟ್ಟು, ನೋಡದೇ ಹೋದ ಚಿತ್ರಲೇಖೆಗಾಗಿ ಪಟ್ಟ ಹೊಟ್ಟೆಯುರಿ, ಯಯಾತಿಯನ್ನು ನೋಡಿ ಬಂದ ಸಿಟ್ಟು, ಈ ಮೂರರಲ್ಲಿ ಯಾವುದು ಸರಿ?

ಎಲ್ಲ ಕತೆಯೂ ರಂಗಕ್ಕೆ ಬಂದರೆ ಲಾಭ ಅಂತಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ ತಗೊಳ್ಳಿ. ಯಮುನಕ್ಕನ ಪಾಡು ಒಬ್ಬ ಪುಟ್ಟ ಹುಡುಗನ ಕಣ್ಣಿನಿಂದ ಕಾಣುವಂಥದ್ದು. ಅವನಿಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ನಮಗೆ ಅರ್ಥವಾಗಿ ಸಂಕಟವಾಗುತ್ತದೆ. ಓದುವಾಗ ನಾವು ಅವನ ಕಣ್ಣಿನೊಳಗೇ ಕೂತಿರುತ್ತೇವೆ. ರಂಗದ ಮೇಲೆ ಅವನೂ ಒಂದು ಮೂಲೆಯಲ್ಲಿ ನಿಂತ ಹುಡುಗ ಆಗಿಬಿಡುವ ಅಪಾಯ ಇದೆ. ಕಾಸರವಳ್ಳಿಯವರ 1977ರ ಸಿನಿಮಾಕ್ಕೆ ಕ್ಯಾಮೆರಾ ಇತ್ತು, ಅದು ಹುಡುಗನ ಎತ್ತರಕ್ಕೆ ಬಗ್ಗಬಲ್ಲದು. ನಾಟಕಕ್ಕೆ ಆ ಅನುಕೂಲ ಇಲ್ಲ. ನನ್ನ ಮಟ್ಟಿಗೆ ಅದು ಓದಬೇಕಾದ ಕತೆ. ‘ಯಯಾತಿ’ ನೋಡಬೇಕಾದ್ದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎರಡೂ ಹೌದು. ರಂಗಾಯಣ 2010ರಲ್ಲಿ ಮೈಸೂರಿನಲ್ಲಿ ಅದನ್ನು ಇಡೀ ರಾತ್ರಿಯ ನಾಟಕ ಮಾಡಿತು, ನಿರ್ದೇಶನ ಸಿ. ಬಸವಲಿಂಗಯ್ಯ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು, ನಾನು ನೋಡಿದ್ದು ಅಲ್ಲಿ. ಒಂದು ವೇದಿಕೆಯಿಂದ ಇನ್ನೊಂದು ವೇದಿಕೆಗೆ ನಾವು ಪ್ರೇಕ್ಷಕರೇ ಎದ್ದು ಹೋಗಬೇಕು. ಗುತ್ತಿ, ತಿಮ್ಮಿ, ಐತ, ಪೀಂಚಲು ಎಲ್ಲರೂ ಹರೆಯದವರೇ, ಕಾಡಿನಲ್ಲಿ ಓಡುತ್ತಲೇ ಬೆಳೆಯುವವರು. ಚಾಪೆ ಮಡಚಿಕೊಂಡು ಅವರ ಹಿಂದೆ ನಾವೂ ಓಡಿದ ಹಾಗಾಯಿತು. ಬೆಳಗಿನ ಜಾವ ನನಗೆ ಸರಿಯಾಗಿ ತೂಕಡಿಕೆ ಬಂತು. ಎಚ್ಚರವಾದಾಗ ಕತೆ ಎಲ್ಲೋ ಹೋಗಿತ್ತು. ಅದರ ಬಗ್ಗೆ ಒಂದು ಪತ್ರಿಕೆಗೆ ಬರೆದಾಗ ನಿದ್ದೆ ಮಾಡಿದ್ದನ್ನೂ ಬರೆದೆ. ಓದಿದವರೆಲ್ಲ ನನ್ನ ಹತ್ತಿರ ಮಾತಾಡಿದ್ದು ಆ ಸಾಲಿನ ಬಗ್ಗೆಯೇ.

ಸೋಮವಾರದ ವಿಷಯಕ್ಕೆ ಬರೋಣ. ಗೈಡನ್ನು ಕಪಾಟಿನ ಮೇಲಿಡಿ. ಮೊದಲ ಪುಟದಲ್ಲಿ ತ್ಯಾಗ, ಪ್ರೌಢತೆ, ಸಂಘರ್ಷ ಈ ಮೂರು ಪದ ಬರಲೇಬಾರದು ಅಂತ ಹಟ ಹಿಡಿಯಿರಿ. ಓದುವಾಗ ಪುರು ಯಾವ ಮಾತಿಗೆ ಇಷ್ಟವಾದ, ಆ ಮಾತು ಬರೆಯಿರಿ. ನಾಟಕದಲ್ಲಿ ಯಾವ ಕ್ಷಣಕ್ಕೆ ಸಿಟ್ಟು ಬಂತು, ಆಗ ರಂಗದ ಮೇಲೆ ಯಾರು ಎಲ್ಲಿ ನಿಂತಿದ್ದರು, ಯಾರು ಸುಮ್ಮನಿದ್ದರು, ಅದನ್ನು ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಅಂತಲೇ ಬರೆಯಿರಿ. ಗೆಳೆಯರು ಹೇಳಿದ್ದನ್ನು ಮಾತ್ರ ನೀವು ನೋಡಿದ್ದು ಅಂತ ಬರೆಯಬೇಡಿ. ಆ ಪ್ರಯೋಗ ಇನ್ಯಾರು ನೋಡಿರುತ್ತಾರೋ ಹೇಳಕ್ಕಾಗಲ್ಲ.

ನಿಮ್ಮ ಮನೆಯಲ್ಲಿ ಪುರು ಯಾರು ಅಂತ ನಾನು ಕೇಳುವುದಿಲ್ಲ. ಪ್ರಬಂಧದಲ್ಲಿ ಹೇಳಬೇಕಾಗಿಯೂ ಇಲ್ಲ. ನಾನೂ ಅಣ್ಣನ ವಿಷಯ ಎಲ್ಲೂ ಬರೆದಿರಲಿಲ್ಲ, ಇದೇ ಮೊದಲು. ಅವನು ಇಂಥ ಕಡೆ ಬರುವುದಿಲ್ಲ ಅನ್ನುವ ಧೈರ್ಯ.

ಮೇಷ್ಟ್ರು ನಿಲುವು ಒಂದೇ ಇರಬೇಕು ಅಂತ ಬಿಡದೇ ಹೋದರೆ ಚಿತ್ರಲೇಖೆಯ ಪರ ಬರೆದುಬಿಡಿ. ಅಂಕ ಕಡಿಮೆ ಬಂದರೆ ಇಲ್ಲಿ ಬಂದು ನನ್ನನ್ನು ಬೈಯಿರಿ.