ಡೆನಿಸ್ ಲಾ ಯುನೈಟೆಡ್ ಟೀಮನ್ನ ಮುಳುಗಿಸಿದ್ನಾ?

ನಮಸ್ಕಾರ. ನಿಮ್ಮ ಪತ್ರ ಓದಿದೆ. ಹಳೇ ಫುಟ್‌ಬಾಲ್ ಆಟಗಾರ ಡೆನಿಸ್ ಲಾ ಬಗ್ಗೆ ಒಂದು ವಿಡಿಯೋ ನೋಡಿದ್ರಂತೆ, ಅದ್ರಲ್ಲಿ 'ಅನ್ನ ಹಾಕಿದ ಮ್ಯಾಂಚೆಸ್ಟರ್ ಯುನೈಟೆಡ್ ಟೀಮನ್ನೇ ಒಂದು ಗೋಲು ಹೊಡೆದು ಸೆಕೆಂಡ್ ಡಿವಿಷನ್‌ಗೆ ತಳ್ಳಿದವನು' (ಅಂದ್ರೆ ಕೆಳಗಿನ ದರ್ಜೆ ಲೀಗಿಗೆ) ಅಂದ್ರಂತೆ, ಹಂಗಿದ್ರೆ ಅದೇ ಟೀಮಿನ ಸ್ಟೇಡಿಯಂ ಮುಂದೆ ಅವನ ಪ್ರತಿಮೆ ಯಾಕಿದೆ ಸಾರ್ ಅಂತ ಕೇಳಿದೀರಿ. ಜೊತೆಗೆ ಅವನು ದೊಡ್ಡವನಾ, ಲಿವರ್‌ಪೂಲ್ ಟೀಮಿನ ಕೆನ್ನಿ ಡಾಲ್‌ಗ್ಲಿಷ್ ದೊಡ್ಡವನಾ ಅಂತ ಇನ್ನೊಂದು ಬಾಂಬು ಬೇರೆ. ಎರಡು ಸಾಲಲ್ಲಿ ಮುಗಿಯೋ ವಿಷ್ಯ ಅಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದ್ಲು ಆ ಗೋಲು. 1974ರ ಏಪ್ರಿಲ್ 27, ಯುನೈಟೆಡ್‌ನವ್ರ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್. ಯುನೈಟೆಡ್ ಪರಿಸ್ಥಿತಿ ಆಗ್ಲೇ ಕೆಟ್ಟು ಕೆರ ಹಿಡಿದಿತ್ತು. ಡೆನಿಸ್ ಆಗ ಅದೇ ಊರಿನ ಇನ್ನೊಂದು ಟೀಮು ಮ್ಯಾಂಚೆಸ್ಟರ್ ಸಿಟಿ ಪರ ಆಡ್ತಿದ್ದ, ಹಿಂದಿನ ವರ್ಷವಷ್ಟೇ ಯುನೈಟೆಡ್‌ನವ್ರು ಅವನನ್ನ ದುಡ್ಡಿಲ್ಲದೆ ಫ್ರೀ ಟ್ರಾನ್ಸ್‌ಫರ್ ಮಾಡಿ ಕಳ್ಸಿದ್ರು, ಅಂದ್ರೆ ಬಿಟ್ಟು ಹೋದವನು ಅವನಲ್ಲ, ಬಿಟ್ಟವ್ರು ಇವ್ರು. ಮ್ಯಾಚ್ ಮುಗಿಯೋಕೆ ಹತ್ತು ನಿಮಿಷಕ್ಕೂ ಕಮ್ಮಿ ಇದೆ, 0-0. ಜೊತೆ ಆಟಗಾರ ಫ್ರಾನ್ಸಿಸ್ ಲೀ ಕಡೆಯಿಂದ ಬಾಲ್ ಬಂತು, ಡೆನಿಸ್ ಗೋಲಿಗೆ ಬೆನ್ನು ಹಾಕಿ ನಿಂತಿದ್ದ, ತಿರುಗಿ ಕೂಡ ನೋಡದೆ ಹಿಮ್ಮಡೀಲಿ ಒದ್ದ, ಒಳಗೆ ಹೋಯ್ತು. ಗೋಲು ಹೊಡೆದಾಗೆಲ್ಲ ಶರ್ಟಿನ ತೋಳನ್ನ ಬೆರಳಲ್ಲಿ ಹಿಡ್ಕೊಂಡು ಒಂದು ಕೈ ಮೇಲೆತ್ತೋದು ಅವನ ಸ್ಟೈಲು, ಇಡೀ ಸ್ಟೇಡಿಯಂಗೆ ಗೊತ್ತಿದ್ದ ಸ್ಟೈಲು. ಅವತ್ತು ಕೈ ಎತ್ಲಿಲ್ಲ. ಟೀಮಿನವ್ರು ಬಂದು ಬೆನ್ನು ತಟ್ತಿದಾರೆ, ಇವನ ಮುಖ ನೋಡಿದ್ರೆ ಮನೇಲಿ ಯಾರೋ ಹೋದಂಗಿದೆ. ತಕ್ಷಣ ಅವನನ್ನ ಹೊರಗೆ ಕರ್ಸಿಕೊಂಡ್ರು, ಜನ ಗ್ರೌಂಡಿಗೆ ನುಗ್ಗಿದ್ರು, ಮ್ಯಾಚ್ ಅರ್ಧಕ್ಕೇ ನಿಂತೋಯ್ತು, ರಿಸಲ್ಟು ಮಾತ್ರ 1-0 ಅಂತಾನೇ ಉಳೀತು. ಲೀಗ್ ಆಟದಲ್ಲಿ ಅದೇ ಅವನ ಕೊನೇ ಗೋಲು.

ಈಗ ವಿಡಿಯೋದವ್ರು ಹೇಳದೇ ಬಿಟ್ಟಿದ್ದು. ಕೆಳಗೆ ಬೀಳದಂಗೆ ಯುನೈಟೆಡ್ ಜೊತೆ ಪೈಪೋಟಿ ಮಾಡ್ತಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ ಅದೇ ದಿನ ತನ್ನ ಮ್ಯಾಚ್ ಗೆದ್ಬಿಡ್ತು. ಅವ್ರು ಗೆದ್ದ ಮೇಲೆ ಯುನೈಟೆಡ್ ಇಲ್ಲಿ ಗೆದ್ರೂ ಸೋತ್ರೂ ಕೆಳಗೆ ಹೋಗೋದೇ. ಅಂದ್ರೆ ಡೆನಿಸ್ ಗೋಲು ಹೊಡೀದೇ ಇದ್ರೂ ಕಥೆ ಅದೇ ಆಗ್ತಿತ್ತು. ಐವತ್ತು ವರ್ಷದಿಂದ ಈ ಲೆಕ್ಕ ಹೇಳ್ತಾನೇ ಬಂದಿದಾರೆ, ಆದ್ರೂ 'ಮುಳುಗಿಸಿದವನು' ಅನ್ನೋದೇ ಓಡುತ್ತೆ, ಯಾಕಂದ್ರೆ ಕಥೆ ಚೆನ್ನಾಗಿದೆ ನೋಡಿ.

ಇನ್ನು ಪ್ರತಿಮೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1940ರಲ್ಲಿ ಹುಟ್ಟಿದವನು, ಅಪ್ಪ ಮೀನು ಹಿಡಿಯೋ ಟ್ರಾಲರ್‌ನಲ್ಲಿ ದುಡೀತಿದ್ದ, ಏಳು ಮಕ್ಕಳಲ್ಲಿ ಇವನೇ ಕೊನೆಯವನು. ಮೆಳ್ಳೆಗಣ್ಣು, ಕಡ್ಡಿ ಥರ ಮೈ, ಕನ್ನಡಕ. ಹಡರ್ಸ್‌ಫೀಲ್ಡ್ ಟೌನ್‌ಗೆ ಟ್ರಯಲ್ಸಿಗೆ ಬಂದಾಗ ಅಲ್ಲಿನವ್ರಿಗೆ ಇವನೆಂಥ ಆಟಗಾರ ಅನ್ಸಿತ್ತು, ಆಮೇಲೆ ಕಣ್ಣಿಗೆ ಆಪರೇಷನ್ ಆಯ್ತು, 16ನೇ ವಯಸ್ಸಿಗೇ ಫಸ್ಟ್ ಟೀಮು. 1960ರಲ್ಲಿ ಸಿಟಿ 55,000 ಪೌಂಡ್ ಕೊಟ್ಟು ತಗೊಳ್ತು, ಮುಂದಿನ ವರ್ಷ ಇಟಲಿಯ ಟೊರಿನೊ 1,10,000 ಕೊಡ್ತು. ಅಲ್ಲಿ ಒಗ್ಗಲಿಲ್ಲ. 1962ರಲ್ಲಿ ಯುನೈಟೆಡ್ ಮ್ಯಾನೇಜರ್ ಮ್ಯಾಟ್ ಬಸ್ಬಿ 1,15,000 ಪೌಂಡಿಗೆ ಟೀಮಿಗೆ ಕರ್ಕೊಂಡು ಬಂದ, ಅಲ್ಲಿಂದ 11 ವರ್ಷ, 404 ಮ್ಯಾಚು, 237 ಗೋಲು, ಎರಡು ಲೀಗ್ ಟೈಟಲ್ಲು, 1964ರಲ್ಲಿ ಬ್ಯಾಲನ್ ಡಿ'ಓರ್, ಅಂದ್ರೆ ಯುರೋಪಿನ ವರ್ಷದ ಆಟಗಾರ ಪ್ರಶಸ್ತಿ. ಸ್ಕಾಟ್ಲೆಂಡಿನವ್ರಲ್ಲಿ ಆ ಪ್ರಶಸ್ತಿ ಇವನೊಬ್ಬನಿಗೇ ಸಿಕ್ಕಿರೋದು ಇವತ್ತಿಗೂ. 1963-64ರ ಒಂದೇ ಸೀಸನ್‌ನಲ್ಲಿ 46 ಗೋಲು. ಜನ ಅವನನ್ನ 'ಕಿಂಗ್' ಅಂತ್ಲೇ ಕರೀತಿದ್ರು. 1968ರಲ್ಲಿ ಟೀಮು ಯುರೋಪಿಯನ್ ಕಪ್ ಗೆದ್ದ ದಿನ ಮಾತ್ರ ಮಂಡಿ ಆಪರೇಷನ್ ಆಗಿ ಆಸ್ಪತ್ರೇಲಿ ಬಿದ್ದಿದ್ದ, ಪಾಪ. ಇಷ್ಟೆಲ್ಲ ಮಾಡಿದವನಿಗೆ ಒಂದು ಹಿಮ್ಮಡಿ ಏಟಿಗೆ ಪ್ರತಿಮೆ ಬೇಡ ಅಂತಾರಾ? 2008ರಲ್ಲಿ ಅವನ ಜೊತೆ ಆಡಿದ್ದ ಜಾರ್ಜ್ ಬೆಸ್ಟ್, ಬಾಬಿ ಚಾರ್ಲ್ಟನ್ ಪ್ರತಿಮೆಗಳ ಜೊತೆ ನಿಲ್ಲಿಸಿದ್ರು. 2025ರ ಜನವರೀಲಿ, 84ನೇ ವಯಸ್ಸಲ್ಲಿ ತೀರ್ಕೊಂಡ, ಕೊನೇ ವರ್ಷಗಳಲ್ಲಿ ಮರೆವಿನ ಕಾಯಿಲೆ ಇತ್ತು.

ಅಂದಹಾಗೆ ಅರ್ಧಕ್ಕೆ ನಿಂತ ಇನ್ನೊಂದು ಮ್ಯಾಚೂ ಇದೆ ಅವನ ಹೆಸರಲ್ಲಿ, ಇದನ್ನ ಯಾವ ವಿಡಿಯೋನೂ ಹೇಳಲ್ಲ. 1961ರ ಜನವರಿ, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್, ಲೂಟನ್ ಟೀಮಿನ ಮೇಲೆ ಸಿಟಿ 2-0 ಹಿಂದೆ. ಗ್ರೌಂಡು ಮಳೆಗೆ ಕೆಸರುಗದ್ದೆ. ಡೆನಿಸ್ ಒಬ್ಬನೇ ಆರು ಗೋಲು ಹೊಡೆದ, ಆರು! 6-2. 69ನೇ ನಿಮಿಷಕ್ಕೆ ರೆಫರಿ ಆಡೋಕಾಗಲ್ಲ ಅಂತ ನಿಲ್ಲಿಸಿದ್ರು, ಆ ಆರೂ ಕ್ಯಾನ್ಸಲ್. ಮತ್ತೆ ಆಡಿಸಿದಾಗ ಸಿಟಿ 3-1ರಲ್ಲಿ ಸೋತೋಯ್ತು, ಆ ಒಂದು ಗೋಲೂ ಇವನದೇ. ಎಫ್‌ಎ ಕಪ್‌ನಲ್ಲಿ ಅವನ ಲೆಕ್ಕ 41, ಆಮೇಲೆ ಲಿವರ್‌ಪೂಲ್‌ನ ಇಯಾನ್ ರಶ್ 44 ಹೊಡೆದು ದಾಟಿದ, ಆ ಆರನ್ನ ಕೂಡಿಸಿ ನೋಡಿ ನೀವೇ. ಬೇಕಿದ್ದ ಆರು ಹೋಯ್ತು, ಯುನೈಟೆಡ್ ಮೇಲಿನ ಬೇಡದ ಒಂದು ಉಳೀತು, ಎರಡೂ ಸಿಟಿ ಶರ್ಟಲ್ಲೇ.

ಡಾಲ್‌ಗ್ಲಿಷ್ ವಿಷ್ಯ: ಸ್ಕಾಟ್ಲೆಂಡ್ ಪರ ಇಬ್ರದ್ದೂ 30 ಗೋಲು, ಅದೇ ದೇಶದ ರೆಕಾರ್ಡು. ಡೆನಿಸ್‌ಗೆ 55 ಮ್ಯಾಚ್ ಸಾಕಾಯ್ತು, ಕೆನ್ನಿಗೆ 102. ನನ್ನ ಓಟು ಡೆನಿಸ್‌ಗೆ, ಆದ್ರೆ ಲಿವರ್‌ಪೂಲ್ ಅಭಿಮಾನಿಗಳು ನಮ್ಮ ಆಫೀಸಲ್ಲೇ ಇಬ್ರಿದಾರೆ, ಅವ್ರು ಇದನ್ನ ಪ್ರಿಂಟಿಗೆ ಕಳ್ಸೋ ಮುಂಚೆ ತಿದ್ದದೇ ಇದ್ರೆ ಸಾಕು.

- ಸಂ.