ತಯಾರಿ ಎಲ್ಲ ಆಗಿದೆ, ಕೆಲಸ ಮಾತ್ರ ಶುರುವಾಗಿಲ್ಲ. ಏನು ಮಾಡಲಿ?

ಮಕ್ಕಳಿಗೆ ಗಣಿತ ಹೇಳಿಕೊಡುವ ವೆಬ್‌ಸೈಟ್ ಮಾಡಬೇಕು ಅಂತ ತಿಂಗಳುಗಳಿಂದ ಅಂದುಕೊಂಡಿದ್ದೀರಿ. ದಿನಾ ನಾಳೆ ನಾಳೆ ಅಂತ ಮುಂದಕ್ಕೆ ಹೋಗುತ್ತಿದೆ. ನಾನು ಸೋಮಾರಿನಾ ಅಂತ ಕೇಳಿದ್ದೀರಿ.

ಖಂಡಿತ ಅಲ್ಲ. ಡೊಮೇನ್ ಹೆಸರು ಹುಡುಕಿದ್ದೀರಿ, ಲೋಗೊ ಮಾಡಿದ್ದೀರಿ, ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ರಾತ್ರಿಯೆಲ್ಲ ವಿಡಿಯೊ ನೋಡಿದ್ದೀರಿ. ಸೋಮಾರಿಗಳು ಇಷ್ಟೆಲ್ಲ ಮಾಡುವುದಿಲ್ಲ. ಪಾಠ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೀರಿ, ಅಲ್ವಾ? ಗಂಟು ಇರುವುದು ಅಲ್ಲೇ.

ನನ್ನ ಕೆಲಸ ಕೈಪಿಡಿ ಮತ್ತು ವರದಿ ಬರೆಯುವುದು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದನ್ನು ಮೊದಲಿಂದ ಶುರು ಮಾಡಬೇಕು. ಹಾಗಾಗಿ ಈ ಕಷ್ಟ ನನಗೆ ಚೆನ್ನಾಗಿ ಗೊತ್ತು. ಅರ್ಧ ಆಗಿರುವ ಕೆಲಸಕ್ಕೆ ಕೂತರೆ ನಿನ್ನೆ ಎಲ್ಲಿ ಬಿಟ್ಟೆವೋ ಅಲ್ಲಿಂದ ಹಿಡಿಯಬಹುದು. ಹೊಸ ಕೆಲಸಕ್ಕೆ ನಿನ್ನೆ ಅನ್ನುವುದೇ ಇಲ್ಲ. ಎಲ್ಲಿ ಕೈ ಹಾಕಬೇಕು ಅಂತಲೇ ತೋಚುವುದಿಲ್ಲ. ಅದಕ್ಕಿಂತ ದೊಡ್ಡದು ಭಯ. ತಲೆಯೊಳಗೆ ಇರುವಷ್ಟು ಹೊತ್ತು ಆ ವೆಬ್‌ಸೈಟ್ ತುಂಬಾ ಚೆನ್ನಾಗಿದೆ. ಮೊದಲ ಪುಟ ಬರೆದ ಕೂಡಲೇ ಅದು ಸಾಧಾರಣ ಅಂತ ಕಾಣಿಸಿಬಿಡಬಹುದು. ಬರೆಯದ ಪಾಠವನ್ನು ಯಾರೂ ಕೆಟ್ಟದು ಅನ್ನಲಾರರು, ನೋಡಿ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಮುಂದೂಡುವ ಅಭ್ಯಾಸವನ್ನು ಬಹಳ ವರ್ಷ ಅಧ್ಯಯನ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊತಿ ಪಿಚಿಲ್, ಸಹೋದ್ಯೋಗಿಯೊಬ್ಬರ ಜೊತೆ 2013ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ಹೇಳುತ್ತಾರೆ. ಕೆಲಸದ ನೆನಪಾದರೆ ಮನಸ್ಸಿಗೆ ಕಸಿವಿಸಿ. ಅದನ್ನು ಬದಿಗಿಟ್ಟರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯಿಗೋಸ್ಕರವೇ ನಾವು ಮತ್ತೆ ಮತ್ತೆ ಮುಂದೂಡುತ್ತೇವೆ. ಟೈಮ್‌ಟೇಬಲ್ ಹಾಕಿದರೂ ಯಾಕೆ ಉಪಯೋಗವಾಗುತ್ತಿಲ್ಲ ಅಂತ ಕೇಳಿದ್ದೀರಲ್ಲ, ಕಾರಣ ಇದು. ಟೈಮ್‌ಟೇಬಲ್ ಹೊತ್ತನ್ನು ಹೊಂದಿಸಿಕೊಡುತ್ತದೆ, ಕಸಿವಿಸಿ ಹಾಗೇ ಉಳಿಯುತ್ತದೆ.

ಹಾಗಾದರೆ ಕೆಲಸವನ್ನೇ ಚಿಕ್ಕದು ಮಾಡಿ, ಹೆದರಿಕೆ ಹುಟ್ಟದಷ್ಟು ಚಿಕ್ಕದು. 'ವೆಬ್‌ಸೈಟ್ ಮಾಡಬೇಕು' ಅನ್ನುವುದು ಯಾರ ಕೈಯಲ್ಲೂ ಮಾಡಲಾಗದ ಕೆಲಸ, ಯಾಕೆಂದರೆ ಅದು ನೂರು ಕೆಲಸಗಳ ಹೆಸರು. 'ಗಣಿತ ವಿಭಾಗ ಬರೆಯಬೇಕು' ಅನ್ನುವುದೂ ಜಾಸ್ತಿಯೇ. ನೀವು ಭಿನ್ನರಾಶಿಯಿಂದ ಶುರು ಮಾಡುವ ಯೋಚನೆ ಇದೆ ಅಂದಿದ್ದೀರಿ. ಅದರಲ್ಲಿ ಒಂದೇ ಒಂದು ಲೆಕ್ಕ ತೆಗೆದುಕೊಳ್ಳಿ: 1/2 + 1/3. ಬಹಳ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೆಯುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗೆ ಬಂತು ಅಂತ ಮಗುವನ್ನು ಕೇಳಿ. ಆಮೇಲೆ 3/6 + 2/6 ಹೇಗೆ 5/6 ಆಗುತ್ತದೆ ಅಂತ ತೋರಿಸಿ. ನಿಮ್ಮ ಮೊದಲ ಪಾಠ ಇಷ್ಟೇ. ಒಂದು ಖಾಲಿ ಫೈಲ್ ಸಾಕು. ಬಣ್ಣ ಬೇಡ, ಚಿತ್ರ ಬೇಡ.

ಫೈಲ್ ಹೆಸರಿನಲ್ಲೇ 'ಕಚ್ಚಾ' ಅಂತ ಸೇರಿಸಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನನಗೆ ಇದರಷ್ಟು ಸಹಾಯ ಮಾಡಿದ್ದು ಬೇರೆ ಇಲ್ಲ. ಕಚ್ಚಾ ಅಂದಮೇಲೆ ಕೆಟ್ಟದಾಗಿ ಬರೆಯಲು ಅಪ್ಪಣೆ ಸಿಕ್ಕ ಹಾಗೆ. ಎಲ್ಲಾದರೂ ತಡವರಿಸಿದರೆ 'ಇಲ್ಲಿ ಇನ್ನೊಂದು ಉದಾಹರಣೆ ಬೇಕು' ಅಂತ ಬರೆದು ಮುಂದೆ ಹೋಗಿ. ಹುಡುಕಲು ಬ್ರೌಸರ್ ತೆರೆಯಬೇಡಿ. ಒಮ್ಮೆ ತೆರೆದರೆ ಅವತ್ತಿನ ಕೆಲಸ ಅಲ್ಲಿಗೇ ನಿಂತಿತು.

ಯಾವಾಗ ಕೂರಬೇಕು ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. 'ನಾಳೆಯಿಂದ ಶುರು' ಅಂದರೆ ನಡೆಯುವುದಿಲ್ಲ. 'ರಾತ್ರಿ ಊಟ ಮುಗಿಸಿ ಎದ್ದ ಕೂಡಲೇ ಆ ಫೈಲ್ ತೆರೆಯುತ್ತೇನೆ' ಅನ್ನಿ. ಹೀಗೆ ಒಂದು ಸಂದರ್ಭಕ್ಕೆ ಒಂದು ಕೆಲಸವನ್ನು ಗಂಟು ಹಾಕಿದರೆ ಅದು ನಡೆಯುವ ಸಾಧ್ಯತೆ ಹೆಚ್ಚು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಿಂದಲೇ ತೋರಿಸಿದ್ದಾರೆ. ಆಗ 'ಈಗ ಕೂರಲೋ ಬೇಡವೋ' ಅಂತ ಮೀನಮೇಷ ಎಣಿಸುವ ಪ್ರಶ್ನೆಯೇ ಬರುವುದಿಲ್ಲ. 25 ನಿಮಿಷದ ಟೈಮರ್ ಇಟ್ಟುಕೊಂಡು ಕೆಲಸ ಮಾಡುವ ಪೊಮೊಡೊರೊ ಪದ್ಧತಿ ಬಗ್ಗೆ ಕೇಳಿದ್ದೀರಿ. ಒಳ್ಳೆಯದೇ. ಆದರೆ ಮೊದಲ ವಾರಕ್ಕೆ ಹತ್ತು ನಿಮಿಷ ಸಾಕು. ಹತ್ತು ಕಳೆದಮೇಲೂ ಮನಸ್ಸಿದ್ದರೆ ಮುಂದುವರಿಸಿ, ಇಲ್ಲದಿದ್ದರೆ ನಿಶ್ಚಿಂತೆಯಿಂದ ಏಳಿ.

ಏಳುವ ಮುಂಚೆ ನಾಳೆ ಮೊದಲು ಏನು ಬರೆಯಬೇಕು ಅಂತ ಫೈಲಿನ ಕೊನೆಯಲ್ಲಿ ಒಂದು ಸಾಲು ಬರೆದಿಡಿ. ಇದನ್ನು ದಯವಿಟ್ಟು ಬಿಡಬೇಡಿ. ಹೊಸ ಕೆಲಸಕ್ಕೆ ಒಂದು 'ನಿನ್ನೆ' ಸಿಗುವುದು ಹೀಗೆಯೇ.

ಇಷ್ಟು ತಿಂಗಳು ಸುಮ್ನೆ ಹಾಳಾಯಿತು ಅಂತ ಕೊರಗಿದ್ದೀರಿ. ಅದನ್ನು ಬಿಟ್ಟುಬಿಡಿ. ಸಮಾಧಾನಕ್ಕೆ ಹೇಳುತ್ತಿಲ್ಲ. ಪರೀಕ್ಷೆಗೆ ಓದುವುದನ್ನು ಮುಂದೂಡಿದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ಪಿಚಿಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ಬೈದುಕೊಂಡಷ್ಟೂ ಆ ಕೆಲಸದ ನೆನಪು ಇನ್ನೂ ಕಹಿಯಾಗುತ್ತದೆ, ಕಹಿಯಾದದ್ದರ ಹತ್ತಿರ ಯಾರು ತಾನೇ ಹೋಗುತ್ತಾರೆ?

ಭಿನ್ನರಾಶಿಯ ಆ ಒಂದು ಪಾಠ ಮುಗಿದರೆ, ತಿದ್ದುತ್ತಾ ಕೂರದೆ ಗೊತ್ತಿರುವ ಒಂದು ಮಗುವಿಗೆ ತೋರಿಸಿ. ಮಗು ಎಲ್ಲಿ ತಡವರಿಸುತ್ತದೋ ಗುರುತು ಹಾಕಿಕೊಳ್ಳಿ. ಎರಡನೇ ಪಾಠ ಯಾವುದು ಅಂತ ನೀವು ಯೋಚಿಸಬೇಕಾಗಿಯೇ ಇಲ್ಲ, ಮಗುವೇ ಹೇಳಿರುತ್ತದೆ.