4294967297 ಅವಿಭಾಜ್ಯ ಸಂಖ್ಯೆಯೇ? ಇದರ ವಿಶೇಷವೇನು?

ಅಲ್ಲ, ಸಂಯುಕ್ತ ಸಂಖ್ಯೆ: 641 × 6700417. ಈ ಎರಡೂ ಅವಿಭಾಜ್ಯಗಳಾದ್ದರಿಂದ ಇದಕ್ಕೆ 1 ಮತ್ತು ತನ್ನನ್ನೂ ಸೇರಿಸಿ ನಾಲ್ಕೇ ಭಾಜಕಗಳು.

2ರ 32ನೇ ಘಾತಕ್ಕೆ 1 ಕೂಡಿಸಿದರೆ ಸಿಗುವುದೇ ಈ ಸಂಖ್ಯೆ. ಹೀಗೆಯೇ 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಇದೇ ಸಾಲಿನಲ್ಲಿ ಮೊದಲು ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು ಗಣಿತಜ್ಞ ಫರ್ಮಾ 1640ರ ಸುಮಾರಿಗೆ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 ಎಂಬ ಅಪವರ್ತನ ತೋರಿಸಿದಾಗ ಆ ಊಹೆ ಬಿದ್ದುಹೋಯಿತು.

641 ಇದರ ಅಪವರ್ತನ ಎಂಬುದನ್ನು ಭಾಗಾಕಾರ ಮಾಡದೆಯೇ ಸಾಧಿಸಬಹುದು. ನನಗೆ ತುಂಬಾ ಇಷ್ಟವಾದ ಸಾಧನೆ ಇದು. 641 = 5 × 128 + 1. ಅಂದರೆ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡಿದರೆ 5 × 2⁷ ಎಂಬುದು −1ಕ್ಕೆ ಸಮ. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಇನ್ನೊಂದೆಡೆ 641 = 625 + 16, ಅಂದರೆ 5⁴ + 2⁴. ಆದ್ದರಿಂದ 5⁴ ಇರುವಲ್ಲಿ −2⁴ ಇಡಬಹುದು. ಆಗ −2³² ಎಂಬುದು 1ಕ್ಕೆ ಸಮವಾಗುತ್ತದೆ, ಅಂದರೆ 2³² + 1 ಅನ್ನು 641 ಶೇಷವಿಲ್ಲದೆ ಭಾಗಿಸುತ್ತದೆ. ಎಷ್ಟು ಚೊಕ್ಕ!

ಉಳಿದಂತೆ ಇದು ಬೆಸ ಸಂಖ್ಯೆ, ಹತ್ತು ಅಂಕಿಗಳದ್ದು. ದ್ವಿಮಾನದಲ್ಲಿ ಬರೆದರೆ ಎರಡು ತುದಿಯಲ್ಲಿ 1, ನಡುವೆ 31 ಸೊನ್ನೆ. ಹಿಂದುಮುಂದಾಗಿ ಓದಿದರೂ ಒಂದೇ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಬರೀ 6701059, ಹಾಗಾಗಿ ಪರಿಪೂರ್ಣ ಸಂಖ್ಯೆಯಂತೂ (ಆ ಮೊತ್ತ ತನಗೇ ಸಮವಾಗಿರುವ ಸಂಖ್ಯೆ) ಅಲ್ಲ.

ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು: 65536² + 1² ಮತ್ತು 62264² + 20449². ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಬರೆಯಲು ಹೆಚ್ಚೆಂದರೆ ಒಂದೇ ದಾರಿ ಇರುತ್ತದೆ. ಹಾಗಾಗಿ ಅಪವರ್ತನಗಳು ಗೊತ್ತಿಲ್ಲದಿದ್ದರೂ ಇದು ಅವಿಭಾಜ್ಯವಲ್ಲ ಎನ್ನಲು ಈ ಎರಡು ರೂಪಗಳೇ ಸಾಕು.